ಕಂಡೆನ್ಸರ್ ಮೇಲಿನ ಬರಹ ಓದುವುದು ಹೇಗೆ? ಬಣ್ಣ, ಗಾತ್ರ ನಂಬಿ ಮೋಟಾರ್ ಸುಟ್ಟುಕೊಳ್ಳಬೇಡಿ

ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಲ್ಲಿ ಒಂದು ಮನೆ ಅಂದುಕೊಳ್ಳಿ. ಮನೆಗೂ ಹಿತ್ತಲಿಗೂ ನೀರು ಕೊಡುವುದು ಒಂದೇ ಸಿಂಗಲ್ ಫೇಸ್ ಬೋರ್‌ವೆಲ್ ಮೋಟಾರ್. ಬೆಳಿಗ್ಗೆ ಸ್ವಿಚ್ ಒತ್ತಿದರೆ ಆಂಪ್ಸ್ ಮುಳ್ಳು ಜಿಗಿಯುತ್ತದೆ, ಪ್ಯಾನೆಲ್ ಟ್ರಿಪ್ ಆಗುತ್ತದೆ, ನೀರು ಬರುವುದಿಲ್ಲ. ಪ್ಯಾನೆಲ್ ಬಾಗಿಲು ತೆಗೆದರೆ ಒಳಗೆ ಎರಡು ಉರುಟು ಡಬ್ಬಿಗಳು. ಒಂದು ಕಪ್ಪು, ಒಂದು ಬಿಳಿ. ಒಂದರ ತಲೆ ಉಬ್ಬಿದೆ. ಅಂಗಡಿಗೆ ಹೋಗಿ ‘ಕಂಡೆನ್ಸರ್ ಕೊಡ್ರಿ’ ಅಂದರೆ ಅಲ್ಲಿಂದ ಬರುವ ಮೊದಲ ಪ್ರಶ್ನೆ, ‘ಎಷ್ಟರದ್ರಿ?’

ಇಲ್ಲೇ ಬಹಳ ಜನ ತಡವರಿಸುತ್ತಾರೆ. ‘ಕರಿದು’, ‘ಇಷ್ಟುದ್ದದ್ದು’ ಎಂದು ಕೈ ತೋರಿಸುತ್ತಾರೆ. ಪಕ್ಕದಲ್ಲಿ ನಿಂತವರು ‘ದೊಡ್ಡದ ಹಾಕ್ರಿ ಅಣ್ಣಾರ, ನೀರ ಜೋರ ಬರತೈತಿ’ ಎಂದು ಸಲಹೆ ಕೊಡುತ್ತಾರೆ. ಅದೇ ಸಲಹೆ ವಾಟ್ಸಾಪ್‌ನಲ್ಲೂ ಓಡಾಡುತ್ತಿರುತ್ತದೆ. ಅದನ್ನು ನಂಬಿದರೆ ಕೆಲವು ನೂರು ರೂಪಾಯಿಯ ಕಂಡೆನ್ಸರ್‌ನಿಂದ ಸಾವಿರಾರು ರೂಪಾಯಿಯ ಮೋಟಾರ್ ಸುಡುತ್ತದೆ. ಬೋರ್‌ನಿಂದ ಮೋಟಾರ್ ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವ ಖರ್ಚು ಎಷ್ಟೆಂದು ಅನುಭವಿಸಿದವರಿಗೆ ಗೊತ್ತು.

‘ಎಷ್ಟರದ್ದು’ ಎಂಬ ಪ್ರಶ್ನೆಗೆ ಉತ್ತರ ಡಬ್ಬಿಯ ಮೈಮೇಲೆಯೇ ಬರೆದಿರುತ್ತದೆ. ಅದನ್ನು ಓದುವುದು ಹೇಗೆ ಎಂದು ಇಲ್ಲಿ ನೋಡೋಣ.

ಕಂಡೆನ್ಸರ್, ಕೆಪಾಸಿಟರ್ ಎರಡೂ ಒಂದೇನಾ?

ಹೌದು, ಎರಡೂ ಒಂದೇ. ಪುಸ್ತಕಗಳಲ್ಲಿ ಈಗ ಕೆಪಾಸಿಟರ್ ಅಥವಾ ಧಾರಕ ಎಂದು ಬರೆಯುತ್ತಾರೆ. ನಮ್ಮ ಊರುಗಳಲ್ಲಿ ಹೇಳುವ ‘ಕಂಡೆನ್ಸರ್’ ಇನ್ನೂ ಹಳೆಯ ಹೆಸರು. ಇಟಲಿಯ ವಿಜ್ಞಾನಿ ಅಲೆಸಾಂಡ್ರೊ ವೋಲ್ಟಾ 1782ರಲ್ಲಿ ಇಂಥ ಸಾಧನಕ್ಕೆ ಇಟ್ಟ ಹೆಸರಿನಿಂದ ಬಂದದ್ದು. ಆದ್ದರಿಂದ ಅಂಗಡಿಯಲ್ಲಿ ಕಂಡೆನ್ಸರ್ ಅಂದರೆ ಹಿಂಜರಿಯಬೇಕಿಲ್ಲ.

ಒಳಗಿರುವುದು ಸರಳ. ಎರಡು ಲೋಹದ ಪದರ, ನಡುವೆ ವಿದ್ಯುತ್ ಹರಿಯದ ಒಂದು ತೆಳು ಪದರ. ಫ್ಯಾನ್ ಕಂಡೆನ್ಸರ್‌ನಲ್ಲಿ ಲೋಹ ಲೇಪಿಸಿದ ಪ್ಲಾಸ್ಟಿಕ್ ಹಾಳೆಯನ್ನು ಚಾಪೆಯಂತೆ ಸುತ್ತಿಟ್ಟಿರುತ್ತಾರೆ. ಅದು ಸ್ವಲ್ಪ ವಿದ್ಯುತ್ತನ್ನು ಹಿಡಿದಿಟ್ಟುಕೊಂಡು ಮತ್ತೆ ಬಿಡುತ್ತದೆ.

ಫ್ಯಾನಿಗೆ, ಪಂಪಿಗೆ ಅದು ಯಾಕೆ ಬೇಕು? ಕಲಘಟಗಿಯ ಬಣ್ಣದ ತೊಟ್ಟಿಲು ಎಲ್ಲರಿಗೂ ಗೊತ್ತು. ಒಂದೇ ಕಡೆಯಿಂದ ತೂಗಿದರೆ ತೊಟ್ಟಿಲು ಹಿಂದೆ ಮುಂದೆ ಹೋಗುತ್ತದೆಯೇ ಹೊರತು ಸುತ್ತು ಹೊಡೆಯುವುದಿಲ್ಲ. ಸಿಂಗಲ್ ಫೇಸ್ ಕರೆಂಟ್ ಮೋಟಾರಿನೊಳಗೆ ಹುಟ್ಟಿಸುವ ಆಯಸ್ಕಾಂತ ಶಕ್ತಿಯೂ ಹಾಗೆಯೇ, ಹಿಂದೆ ಮುಂದೆ ಅಷ್ಟೇ. ಅದಕ್ಕೆ ಮೋಟಾರಿನಲ್ಲಿ ಎರಡನೇ ವೈಂಡಿಂಗ್ ಇಟ್ಟು, ಕಂಡೆನ್ಸರ್ ಮೂಲಕ ಅದಕ್ಕೆ ಬೇರೆ ಹೊತ್ತಿಗೆ ತಳ್ಳು ಸಿಗುವಂತೆ ಮಾಡುತ್ತಾರೆ. ಎರಡು ದಿಕ್ಕಿನಿಂದ ಸರದಿಯಲ್ಲಿ ತಳ್ಳು ಬಿದ್ದಾಗ ಮೋಟಾರ್ ಸುತ್ತಲು ಶುರುಮಾಡುತ್ತದೆ. ಆ ತಳ್ಳು ಎಷ್ಟಿರಬೇಕು, ಯಾವಾಗ ಬೀಳಬೇಕು ಎನ್ನುವುದು ಕಂಡೆನ್ಸರ್‌ನ ಅಳತೆಯ ಮೇಲೆ ನಿಂತಿದೆ. ಮೋಟಾರ್ ಮಾಡಿದವರು ಆ ಅಳತೆ ಲೆಕ್ಕ ಹಾಕಿಯೇ ವೈಂಡಿಂಗ್ ಸುತ್ತಿರುತ್ತಾರೆ.

ಮೊದಲು ಓದಬೇಕಾದ ಎರಡು ಅಂಕಿಗಳು

ಒಂದನೆಯದು ಸಾಮರ್ಥ್ಯ. ಸೀಲಿಂಗ್ ಫ್ಯಾನಿನ ಕಂಡೆನ್ಸರ್ ಮೇಲೆ ಸಾಮಾನ್ಯವಾಗಿ 2.5 ಎಂದಿರುತ್ತದೆ, ಕೆಲವದರಲ್ಲಿ 2.25 ಅಥವಾ 3.15. ಅದರ ಮುಂದೆ ಬಾಲವಿರುವ ‘ಯು’ ಅಕ್ಷರದಂಥ ಗುರುತು ಮತ್ತು ‘ಎಫ್’, ಅಥವಾ ‘ಎಂಎಫ್‌ಡಿ’ ಎಂದು ಬರೆದಿರುತ್ತಾರೆ. ಎರಡೂ ಒಂದೇ: ಮೈಕ್ರೊಫ್ಯಾರಡ್. ಮೈಕ್ರೊ ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಫ್ಯಾರಡ್ ಎಂಬ ಮಾನ ಬಂದದ್ದು ವಿಜ್ಞಾನಿ ಮೈಕೆಲ್ ಫ್ಯಾರಡೆ ಹೆಸರಿನಿಂದ. ‘ಎಂಎಫ್‌ಡಿ’ಯಲ್ಲಿರುವ ‘ಎಂ’ ಅಕ್ಷರವನ್ನು ಮಿಲಿ ಅಥವಾ ಮೆಗಾ ಎಂದು ಓದಬಾರದು.

ಎರಡನೆಯದು ವೋಲ್ಟ್. ಫ್ಯಾನ್ ಕಂಡೆನ್ಸರ್ ಮೇಲೆ 440 ವೋಲ್ಟ್ ಎಸಿ ಎಂದಿರುವುದು ಸಾಮಾನ್ಯ. ಇದು ಕಂಡೆನ್ಸರ್ ಕೊಡುವ ವೋಲ್ಟೇಜ್ ಅಲ್ಲ, ಅದು ತಡೆದುಕೊಳ್ಳುವ ವೋಲ್ಟೇಜ್. ಎತ್ತಿನ ಗಾಡಿ ಎಷ್ಟು ಭಾರ ಹೊರುತ್ತದೆ ಎನ್ನುವ ಹಾಗೆ.

ಮನೆಗೆ ಬರುವುದು 230 ವೋಲ್ಟ್ ತಾನೆ, 440 ಯಾಕೆ? 230 ಎನ್ನುವುದು ಎಸಿ ವಿದ್ಯುತ್ತಿನ ಪರಿಣಾಮದ ಅಳತೆ. ಪ್ರತಿ ಏರಿಳಿತದ ತುದಿಯಲ್ಲಿ ಅದು ಸುಮಾರು 325 ವೋಲ್ಟ್ ಮುಟ್ಟುತ್ತದೆ. ಮೇಲಾಗಿ ಕಂಡೆನ್ಸರ್ ಮೋಟಾರಿನ ವೈಂಡಿಂಗ್ ಜೊತೆ ಸಾಲಾಗಿ ಇರುವುದರಿಂದ, ಮೋಟಾರ್ ತಿರುಗುವಾಗ ಅದರ ಎರಡು ತುದಿಗಳ ನಡುವೆ ಮನೆಯ ವೋಲ್ಟೇಜಿಗಿಂತ ಹೆಚ್ಚೇ ಇರುತ್ತದೆ. ಅದಕ್ಕೇ 440.

ನೆನಪಿಡಬೇಕಾದ ನಿಯಮ ಇಷ್ಟೇ: ಮೈಕ್ರೊಫ್ಯಾರಡ್ ಅಂಕಿ ಹಳೆಯದರಷ್ಟೇ ಇರಬೇಕು. ವೋಲ್ಟ್ ಅಂಕಿ ಹಳೆಯದರಷ್ಟು ಅಥವಾ ಅದಕ್ಕಿಂತ ಹೆಚ್ಚು ಇರಬಹುದು, ಕಡಿಮೆ ಮಾತ್ರ ಇರಬಾರದು.

ಉಳಿದ ಅಕ್ಷರಗಳು ಏನು ಹೇಳುತ್ತವೆ?

± 5%: ಬರೆದ ಅಂಕಿಗಿಂತ ಎಷ್ಟು ಹೆಚ್ಚು ಕಡಿಮೆ ಇರಬಹುದು ಎಂಬ ಮಿತಿ. 2.5 ಮೈಕ್ರೊಫ್ಯಾರಡ್‌ಗೆ ± 5% ಅಂದರೆ ನಿಜವಾದ ಅಳತೆ 2.375ರಿಂದ 2.625ರ ಒಳಗೆ ಇರಬೇಕು. ಕೆಪಾಸಿಟರ್ ಅಳೆಯುವ ಮಲ್ಟಿಮೀಟರ್‌ನಲ್ಲಿ 1.6 ಬಂದರೆ ಅದು ಸೋತಿದೆ ಎಂದರ್ಥ.

50 ಹರ್ಟ್ಸ್: ನಮ್ಮ ದೇಶದ ಎಸಿ ವಿದ್ಯುತ್ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಅದಕ್ಕೆ ತಕ್ಕದ್ದು ಎಂದು ಹೇಳುವ ಗುರುತು.

25/85/21 ರೀತಿಯ ಸಾಲು: ಮೊದಲ ಅಂಕಿ ಎಷ್ಟು ಚಳಿ ತಡೆಯುತ್ತದೆ (ಸೊನ್ನೆಗಿಂತ 25 ಡಿಗ್ರಿ ಕೆಳಗೆ), ಎರಡನೆಯದು ಎಷ್ಟು ಬಿಸಿ ತಡೆಯುತ್ತದೆ (85 ಡಿಗ್ರಿ ಸೆಲ್ಸಿಯಸ್), ಮೂರನೆಯದು ಎಷ್ಟು ದಿನ ತೇವದ ಬಿಸಿಯಲ್ಲಿಟ್ಟು ಪರೀಕ್ಷಿಸುತ್ತಾರೆ (21 ದಿನ).

ಎ, ಬಿ, ಸಿ, ಡಿ ಕ್ಲಾಸ್: ಆಯುಷ್ಯದ ದರ್ಜೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಎ ಅಂದರೆ 30,000 ಗಂಟೆ, ಬಿ 10,000, ಸಿ 3,000, ಡಿ 1,000 ಗಂಟೆ. ಇದು ಪೂರ್ಣ ಹೊರೆಯಲ್ಲಿ ಹಾಕಿದ ಲೆಕ್ಕ. ಕೆಲವು ಡಬ್ಬಿಗಳ ಮೇಲೆ ಬಿ ಕ್ಲಾಸಿಗೆ ಒಂದು ವೋಲ್ಟ್, ಸಿ ಕ್ಲಾಸಿಗೆ ಅದಕ್ಕಿಂತ ಹೆಚ್ಚಿನ ವೋಲ್ಟ್ ಬರೆದಿರುತ್ತಾರೆ. ಅದು ತಪ್ಪು ಮುದ್ರಣವಲ್ಲ. ಹೆಚ್ಚು ವೋಲ್ಟೇಜಿನಲ್ಲಿ ದುಡಿಸಿದರೆ ಆಯುಷ್ಯ ಕಡಿಮೆ ಎಂದು ಹೇಳುವ ರೀತಿ.

ಪಿ0, ಪಿ1, ಪಿ2: ಕೆಟ್ಟಾಗ ಎಷ್ಟು ಸುರಕ್ಷಿತವಾಗಿ ಕೆಡುತ್ತದೆ ಎಂಬುದರ ಗುರುತು. ಪಿ0 ಅಂದರೆ ವಿಶೇಷ ರಕ್ಷಣೆ ಇಲ್ಲ. ಪಿ2 ಅಂದರೆ ಒಳಗೇ ಸಂಪರ್ಕ ಕಡಿದುಕೊಂಡು ಬೆಂಕಿಯ ಅಪಾಯವನ್ನು ತಡೆಯುವ ವ್ಯವಸ್ಥೆ ಇದೆ.

ಐಎಸ್‌ಐ ಗುರುತು: ಫ್ಯಾನ್ ಕೆಪಾಸಿಟರ್‌ಗಳಿಗೆ ಐಎಸ್ 1709, ಮೋಟಾರ್ ಕೆಪಾಸಿಟರ್‌ಗಳಿಗೆ ಐಎಸ್ 2993 ಎಂಬ ಭಾರತೀಯ ಮಾನದಂಡಗಳಿವೆ. ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆ ಈ ಸಂಖ್ಯೆಯನ್ನೂ ನೋಡಿ.

ಪಂಪ್ ಪ್ಯಾನೆಲ್‌ನಲ್ಲಿ ಎರಡು ಡಬ್ಬಿ ಯಾಕೆ?

ಒಂದು ಸ್ಟಾರ್ಟ್ ಕಂಡೆನ್ಸರ್, ಇನ್ನೊಂದು ರನ್ ಕಂಡೆನ್ಸರ್. ಹೆಚ್ಚು ಮೋಟಾರ್‌ಗಳು ಸುಡುವುದು ಇವೆರಡನ್ನು ಅದಲುಬದಲು ಮಾಡಿದಾಗ.

ಸ್ಟಾರ್ಟ್ ಕಂಡೆನ್ಸರ್ ಕೆಲಸ ಮೋಟಾರಿಗೆ ಮೊದಲ ತಳ್ಳು ಕೊಡುವುದು. ಕೆಲವೇ ಸೆಕೆಂಡು ದುಡಿದು ಹೊರಗೆ ಬರಬೇಕು. ಅದರ ಮೇಲೆ 100-120 ಅಥವಾ 120-150 ಎಂಎಫ್‌ಡಿ ಎಂದು ಒಂದೇ ಅಂಕಿಯ ಬದಲು ‘ಇಷ್ಟರಿಂದ ಇಷ್ಟು’ ಎಂದು ಬರೆದಿರುವುದೇ ಹೆಚ್ಚು. ವೋಲ್ಟ್ ಅಂಕಿ ಕಡಿಮೆ, 230 ಅಥವಾ 275ರಂತೆ.

ರನ್ ಕಂಡೆನ್ಸರ್ ಮೋಟಾರ್ ತಿರುಗುವಷ್ಟು ಹೊತ್ತೂ ಸಾಲಿನಲ್ಲಿರುತ್ತದೆ. ಅದರ ಮೇಲೆ 36, 50, 72ರಂಥ ಒಂದೇ ಅಂಕಿ, ಮತ್ತು 440 ವೋಲ್ಟ್.

ಸ್ಟಾರ್ಟ್ ಕಂಡೆನ್ಸರ್ ಅನ್ನು ರನ್ ಜಾಗದಲ್ಲಿ ಹಾಕಿದರೆ ಏನಾಗುತ್ತದೆ? ಕೆಲವು ಸೆಕೆಂಡಿಗೆಂದು ಮಾಡಿದ್ದನ್ನು ಗಂಟೆಗಟ್ಟಲೆ ದುಡಿಸಿದಂತೆ. ಒಳಗಿನ ದ್ರವ ಕುದಿದು ಡಬ್ಬಿ ಉಬ್ಬುತ್ತದೆ, ಒಡೆಯಲೂಬಹುದು. ಜೊತೆಗೆ ಎರಡನೇ ವೈಂಡಿಂಗಿಗೆ ಬೇಕಾದ್ದಕ್ಕಿಂತ ಹೆಚ್ಚು ಕರೆಂಟ್ ಹರಿದು ಅದು ಬಿಸಿಯಾಗುತ್ತದೆ. ಸ್ಟಾರ್ಟ್ ಕಂಡೆನ್ಸರ್ ಅನ್ನು ಬಿಡಿಸಬೇಕಾದ ರಿಲೇ ಅಥವಾ ಸ್ವಿಚ್ ಅಂಟಿಕೊಂಡು ಕೂತರೂ ಇದೇ ಗತಿ. ಆದ್ದರಿಂದ ಸ್ಟಾರ್ಟ್ ಕಂಡೆನ್ಸರ್ ಪದೇ ಪದೇ ಒಡೆಯುತ್ತಿದ್ದರೆ ಕಂಡೆನ್ಸರ್ ಕಂಪನಿಯನ್ನು ಬೈಯುವ ಮೊದಲು ರಿಲೇ ನೋಡಿಸಿ.

ಬೇಕಾದ ಅಂಕಿ ಸಿಗದಿದ್ದರೆ? ಕಂಡೆನ್ಸರ್‌ಗಳನ್ನು ಪಕ್ಕಪಕ್ಕ, ಅಂದರೆ ಪ್ಯಾರಲಲ್ ಆಗಿ ಜೋಡಿಸಿದರೆ ಸಾಮರ್ಥ್ಯ ಕೂಡುತ್ತದೆ. 36 ಮತ್ತು 36 ಸೇರಿ 72. ಒಂದರ ಹಿಂದೆ ಒಂದು, ಅಂದರೆ ಸೀರೀಸ್ ಆಗಿ ಜೋಡಿಸಿದರೆ ಕಡಿಮೆಯಾಗುತ್ತದೆ. ಎರಡು 72 ಸೇರಿ 36 ಮಾತ್ರ. ಪ್ಯಾರಲಲ್ ಜೋಡಣೆಯಲ್ಲಿ ಪ್ರತಿಯೊಂದೂ 440 ವೋಲ್ಟಿನದ್ದೇ ಆಗಿರಬೇಕು.

ಹೊಲದ ತ್ರೀ ಫೇಸ್ ಪಂಪ್‌ಸೆಟ್ ಪಕ್ಕದಲ್ಲಿ ಕಾಣುವ ಕೆಪಾಸಿಟರ್ ಇವೆರಡೂ ಅಲ್ಲ. ಅದರ ಮೇಲೆ ಎಂಎಫ್‌ಡಿ ಬದಲು ‘ಕೆವಿಎಆರ್’ ಎಂದು ಬರೆದಿರುತ್ತದೆ. 5 ಹೆಚ್‌ಪಿ ಮೋಟಾರಿಗೆ ಸಾಮಾನ್ಯವಾಗಿ 2 ಕೆವಿಎಆರ್ ಆಸುಪಾಸು. ಅದು ಮೋಟಾರ್ ತಿರುಗಿಸಲು ಬೇಕಿಲ್ಲ. ಲೈನಿನ ಮೇಲೂ ಟ್ರಾನ್ಸ್‌ಫಾರ್ಮರ್ ಮೇಲೂ ಬೀಳುವ ಅನಗತ್ಯ ಕರೆಂಟಿನ ಹೊರೆ ಇಳಿಸಲು ಇರುವುದು.

ಚಿಕ್ಕ ಕಂಡೆನ್ಸರ್‌ಗಳ ಗುಟ್ಟು: 104 ಅಂದರೆ ನೂರಾ ನಾಲ್ಕಲ್ಲ

ರೇಡಿಯೊ, ಎಲ್‌ಇಡಿ ಬಲ್ಬ್, ಚಾರ್ಜರ್ ಒಳಗಿನ ಬೇಳೆಯಷ್ಟು ಚಿಕ್ಕ ಕಂಡೆನ್ಸರ್ ಮೇಲೆ ಪೂರ್ತಿ ಬರೆಯಲು ಜಾಗವಿಲ್ಲ. ಅದಕ್ಕೆ ಮೂರು ಅಂಕಿಯ ಸಂಕೇತ. ಮೊದಲ ಎರಡು ಅಂಕಿ ಹಾಗೆಯೇ ಬರೆಯಿರಿ, ಮೂರನೆಯ ಅಂಕಿ ಎಷ್ಟೋ ಅಷ್ಟು ಸೊನ್ನೆ ಸೇರಿಸಿ. ಬಂದದ್ದು ಪಿಕೊಫ್ಯಾರಡ್, ಅಂದರೆ ಮೈಕ್ರೊಫ್ಯಾರಡ್‌ನ ಹತ್ತು ಲಕ್ಷದಲ್ಲಿ ಒಂದು ಭಾಗ.

104: 10ರ ಮುಂದೆ ನಾಲ್ಕು ಸೊನ್ನೆ, 1,00,000 ಪಿಕೊಫ್ಯಾರಡ್. ಅಂದರೆ 0.1 ಮೈಕ್ರೊಫ್ಯಾರಡ್.
103: 0.01 ಮೈಕ್ರೊಫ್ಯಾರಡ್.
22 ಎಂದು ಎರಡೇ ಅಂಕಿ ಇದ್ದರೆ 22 ಪಿಕೊಫ್ಯಾರಡ್, ಅಷ್ಟೇ.

ಕೊನೆಯಲ್ಲಿ ಇಂಗ್ಲಿಷ್ ಅಕ್ಷರವಿದ್ದರೆ ಅದು ಹೆಚ್ಚು ಕಡಿಮೆಯ ಮಿತಿ: ಜೆ ಅಂದರೆ ± 5%, ಕೆ ಅಂದರೆ ± 10%, ಎಂ ಅಂದರೆ ± 20%. ಇಲ್ಲಿ ‘ಕೆ’ ಅಂದರೆ ಕಿಲೊ ಅಲ್ಲ. ಮೊದಲಲ್ಲಿ ಅಂಕಿಯೂ ಅಕ್ಷರವೂ ಸೇರಿದ್ದರೆ ಅದು ವೋಲ್ಟ್: 1ಹೆಚ್ 50 ವೋಲ್ಟ್, 2ಎ 100 ವೋಲ್ಟ್, 2ಜಿ 400 ವೋಲ್ಟ್, 2ಜೆ 630 ವೋಲ್ಟ್. ಈಗ ‘2ಎ104ಜೆ’ ಎಂಬುದನ್ನು ಓದಿ: 100 ವೋಲ್ಟ್, 0.1 ಮೈಕ್ರೊಫ್ಯಾರಡ್, ± 5%.

ನಿಂತ ಕೊಳವೆಯಂಥ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್‌ನಲ್ಲಿ ಅಂಕಿಗಳನ್ನು ನೇರವಾಗಿಯೇ ಬರೆದಿರುತ್ತಾರೆ. ಅಲ್ಲಿ ನೋಡಬೇಕಾದ್ದು ಪಟ್ಟೆ. ಪಟ್ಟೆ ಇರುವ ಕಡೆಯ ಕಾಲು ಮೈನಸ್. ಉಲ್ಟಾ ಹಾಕಿದರೆ ಬಿಸಿಯಾಗಿ ಒಡೆಯುತ್ತದೆ. ಆದರೆ ಟ್ಯಾಂಟಲಮ್ ಎಂಬ ಚಿಕ್ಕ ಜಾತಿಯಲ್ಲಿ ಪಟ್ಟೆ ಇರುವ ಕಡೆ ಪ್ಲಸ್! ರಿಪೇರಿ ಕಲಿಯುವ ಹುಡುಗರು ಎಡವುವುದು ಇಲ್ಲೇ.

ಹಾಗಾದರೆ ಬಣ್ಣ?

ಒಂದು ಕಾಲಕ್ಕೆ ಬಣ್ಣಕ್ಕೂ ಅರ್ಥವಿತ್ತು. 1960-70ರ ದಶಕದ ರೇಡಿಯೊಗಳಲ್ಲಿ ಬಣ್ಣದ ಪಟ್ಟೆಗಳ ಪಾಲಿಯೆಸ್ಟರ್ ಕಂಡೆನ್ಸರ್‌ಗಳಿದ್ದವು. ಅವುಗಳ ಅಂದಕ್ಕೆ ‘ಬಣ್ಣದ ಮೀನು’ ಎಂಬಂಥ ಅಡ್ಡಹೆಸರೂ ಬಂದಿತ್ತು. ಓದುವ ಕ್ರಮ ರೆಸಿಸ್ಟರ್‌ನಂತೆಯೇ: ಕಪ್ಪು 0, ಕಂದು 1, ಕೆಂಪು 2, ಕಿತ್ತಳೆ 3, ಹಳದಿ 4, ಹಸಿರು 5, ನೀಲಿ 6, ನೇರಳೆ 7, ಬೂದು 8, ಬಿಳಿ 9. ಮೇಲಿನಿಂದ ಮೊದಲ ಎರಡು ಪಟ್ಟೆ ಅಂಕಿ, ಮೂರನೆಯದು ಸೊನ್ನೆಗಳ ಎಣಿಕೆ. ಹಳದಿ, ನೇರಳೆ, ಕಿತ್ತಳೆ ಅಂದರೆ 47ರ ಮುಂದೆ ಮೂರು ಸೊನ್ನೆ, 47,000 ಪಿಕೊಫ್ಯಾರಡ್. ನಾಲ್ಕನೆಯದು ಮಿತಿ: ಬಿಳಿ ಇದ್ದರೆ ± 10%, ಕಪ್ಪು ಇದ್ದರೆ ± 20%. ಐದನೆಯದು ವೋಲ್ಟ್: ಕೆಂಪು ಅಂದರೆ 250, ಹಳದಿ ಅಂದರೆ 400. ಅಟ್ಟದ ಮೇಲೆ ಅಜ್ಜನ ರೇಡಿಯೊ ಇದ್ದರೆ ಬಿಚ್ಚಿ ನೋಡಿ, ಸಿಕ್ಕರೂ ಸಿಗಬಹುದು.

ಇಂದಿನ ಫ್ಯಾನ್, ಪಂಪ್ ಕಂಡೆನ್ಸರ್‌ಗಳಿಗೆ ಇಂಥ ಬಣ್ಣದ ಸಂಕೇತ ಇಲ್ಲ. ಡಬ್ಬಿ ಕಪ್ಪೋ ಬಿಳಿಯೋ ಬೂದುಬಣ್ಣವೋ ಎಂಬುದು ತಯಾರಕರ ಇಷ್ಟ. ಸ್ಟಾರ್ಟ್ ಕಂಡೆನ್ಸರ್ ಹೆಚ್ಚಾಗಿ ಕಪ್ಪು ಎನ್ನುವುದು ರೂಢಿ, ನಿಯಮವಲ್ಲ. ಬಣ್ಣ ನೋಡಿ ಕೊಂಡರೆ ಮೋಸ ಹೋಗುವ ಸಾಧ್ಯತೆಯೇ ಹೆಚ್ಚು. ಗಾತ್ರದ ಮಾತೂ ಅಷ್ಟೇ. ವೋಲ್ಟ್ ಹೆಚ್ಚಿದ್ದರೂ ಡಬ್ಬಿ ದೊಡ್ಡದಾಗುತ್ತದೆ, ಸಾಮರ್ಥ್ಯ ಹೆಚ್ಚಿದ್ದರೂ ದೊಡ್ಡದಾಗುತ್ತದೆ.

ಫಾರ್ವರ್ಡ್‌ಗಳಲ್ಲಿ ಬರುವ ನಾಲ್ಕು ಮಾತು, ಎಷ್ಟು ನಿಜ?

‘2.5 ಬದಲು 3.5 ಹಾಕಿ, ಫ್ಯಾನ್ ಜೋರಾಗುತ್ತದೆ, ಕರೆಂಟ್ ಉಳಿಯುತ್ತದೆ.’ ಅರ್ಧ ನಿಜ, ಪೂರ್ತಿ ಅಪಾಯ. ವೇಗ ಸ್ವಲ್ಪ ಹೆಚ್ಚಬಹುದು. ಆದರೆ ವೈಂಡಿಂಗಿನಲ್ಲಿ ಹರಿಯುವ ಕರೆಂಟ್ ಹೆಚ್ಚಿ ಫ್ಯಾನ್ ಬಿಸಿಯಾಗುತ್ತದೆ, ಗುಂಯ್‌ಗುಡುತ್ತದೆ, ಬೇಗ ಸುಡುತ್ತದೆ. ಉಳಿತಾಯದ ಮಾತೇ ಇಲ್ಲ. ಹಳೆಯ ಫ್ಯಾನ್ ನಿಧಾನವಾಗಿದ್ದರೆ ಕಾರಣ ಬೇರೆ. ಕಂಡೆನ್ಸರ್ ಒಳಗಿನ ಹಾಳೆಯಲ್ಲಿ ದುರ್ಬಲ ಜಾಗ ಸುಟ್ಟಾಗಲೆಲ್ಲ ಅಲ್ಲಿನ ಲೋಹದ ಲೇಪ ಹಾರಿಹೋಗಿ, ವರ್ಷಗಳಲ್ಲಿ ಸಾಮರ್ಥ್ಯ ಸವೆಯುತ್ತದೆ. ಹೊಸ 2.5 ಹಾಕಿದರೆ ಫ್ಯಾನ್ ಮೊದಲಿನಂತಾಗುತ್ತದೆ. ಆಗಲೂ ನಿಧಾನವಿದ್ದರೆ ಬೇರಿಂಗ್ ಅಥವಾ ಊರಿನ ಲೋ ವೋಲ್ಟೇಜ್ ನೋಡಿ.

‘440 ವೋಲ್ಟಿನದ್ದು ಹಾಕಿದರೆ ಫ್ಯಾನಿಗೆ 440 ವೋಲ್ಟ್ ಹೋಗುತ್ತದೆ.’ ಸುಳ್ಳು. ಅದು ತಡೆಯುವ ಶಕ್ತಿ ಮಾತ್ರ.

‘ಕಂಡೆನ್ಸರ್‌ನ ಎರಡು ವೈರ್ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗುತ್ತದೆ.’ ಸುಳ್ಳು. ಫ್ಯಾನ್ ಕಂಡೆನ್ಸರ್‌ಗೆ ಪ್ಲಸ್ ಮೈನಸ್ ಇಲ್ಲ. ಉಲ್ಟಾ ತಿರುಗುವುದು ಮನೆಯ ಕರೆಂಟಿನ ವೈರ್ ಕಂಡೆನ್ಸರ್‌ನ ತಪ್ಪು ಬದಿಗೆ ಸೇರಿದಾಗ.

‘ಈ ಪುಟ್ಟ ಡಬ್ಬಿ ಪ್ಲಗ್‌ಗೆ ಹಾಕಿದರೆ ಬಿಲ್ ಅರ್ಧಕ್ಕಿಳಿಯುತ್ತದೆ.’ ಸುಳ್ಳು. ಅಂಥ ‘ಪವರ್ ಸೇವರ್’ ಬಿಚ್ಚಿದರೆ ಸಾಮಾನ್ಯವಾಗಿ ಸಿಗುವುದು ಒಂದು ಕಂಡೆನ್ಸರ್, ಒಂದು ಎಲ್‌ಇಡಿ ದೀಪ. ಹೆಸ್ಕಾಂ ಮನೆ ಬಿಲ್ ಹಾಕುವುದು ಯೂನಿಟ್ ಲೆಕ್ಕದಲ್ಲಿ, ಅಂದರೆ ನಿಜವಾಗಿ ಬಳಸಿದ ಕಿಲೊವ್ಯಾಟ್ ಗಂಟೆಗಳಲ್ಲಿ. ಕಂಡೆನ್ಸರ್ ಆ ಲೆಕ್ಕವನ್ನು ಇಳಿಸುವುದಿಲ್ಲ. ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟದಂತೆ ಈ ಡಬ್ಬಿ ಕಾಯುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ.

ಕೈ ಹಾಕುವ ಮೊದಲು

ಕಂಡೆನ್ಸರ್ ಬೇರೆ ಬಿಡಿಭಾಗಗಳಂತಲ್ಲ. ಸ್ವಿಚ್ ಆರಿಸಿದ ಮೇಲೂ, ವೈರ್ ಬಿಚ್ಚಿದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರಬಹುದು. ಒಂದೇ ವೋಲ್ಟೇಜಿನಲ್ಲಿ 50 ಮೈಕ್ರೊಫ್ಯಾರಡ್‌ನ ಪಂಪ್ ಕಂಡೆನ್ಸರ್ 2.5ರ ಫ್ಯಾನ್ ಕಂಡೆನ್ಸರ್‌ಗಿಂತ 20 ಪಟ್ಟು ಶಕ್ತಿ ಹಿಡಿದಿಡುತ್ತದೆ.

‘ಟೆಸ್ಟರ್ ಹತ್ತಲಿಲ್ಲ, ಕರೆಂಟ್ ಇಲ್ಲ’ ಎಂದುಕೊಳ್ಳಬೇಡಿ. ಬಿಚ್ಚಿಟ್ಟ ಕಂಡೆನ್ಸರ್‌ನಲ್ಲಿ ಚಾರ್ಜ್ ಇದ್ದರೂ ಟೆಸ್ಟರ್ ಹತ್ತದೇ ಇರಬಹುದು. ಟೆಸ್ಟರ್ ಬೆಳಗಲು ಕರೆಂಟ್ ನಿಮ್ಮ ಮೈ ಮೂಲಕ ನೆಲಕ್ಕೆ ಹೋಗಬೇಕು. ಕಂಡೆನ್ಸರ್‌ನಲ್ಲಿ ಅದು ಓಡುವುದು ಎರಡು ತುದಿಗಳ ನಡುವೆ.

ಸ್ಕ್ರೂಡ್ರೈವರ್‌ನಿಂದ ಎರಡೂ ತುದಿ ಮುಟ್ಟಿಸಿ ಕಿಡಿ ಹಾರಿಸುವುದು ರೂಢಿಯಲ್ಲಿದೆ. ಅದು ಕಂಡೆನ್ಸರ್‌ಗೂ ಕಣ್ಣಿಗೂ ಒಳ್ಳೆಯದಲ್ಲ. ತಿಳಿದ ಮೆಕ್ಯಾನಿಕ್ ರೆಸಿಸ್ಟರ್ ಮೂಲಕವೋ ಹಳೆಯ ತಂತಿ ಬಲ್ಬಿನ ಮೂಲಕವೋ ಚಾರ್ಜ್ ಇಳಿಸುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು, ‘ಈಗ ಲೈನ್ ಇಲ್ಲ’ ಎಂದು ಪ್ಯಾನೆಲ್‌ಗೆ ಕೈ ಹಾಕಬೇಡಿ. ಹಳ್ಳಿಯಲ್ಲಿ ಕರೆಂಟ್ ಯಾವ ಗಳಿಗೆಯಲ್ಲಿ ಬರುತ್ತದೆ ಎಂದು ಯಾರೂ ಹೇಳಲಾರರು. ಆಟೋ ಸ್ಟಾರ್ಟರ್ ಅಥವಾ ಮೊಬೈಲ್ ಸ್ಟಾರ್ಟರ್ ಇದ್ದರೆ ಯಾರೂ ಮುಟ್ಟದೆಯೂ ಮೋಟಾರ್ ಶುರುವಾಗುತ್ತದೆ. ಮೇನ್ ಇಳಿಸಿ, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡೇ ಬಾಗಿಲು ತೆಗೆಯಿರಿ. ಡಬ್ಬಿ ಉಬ್ಬಿದ್ದರೆ, ಎಣ್ಣೆ ಒಸರಿದ್ದರೆ, ಸುಟ್ಟ ವಾಸನೆ ಇದ್ದರೆ ನೀವು ಮುಟ್ಟದೆ ಮೆಕ್ಯಾನಿಕ್‌ನನ್ನು ಕರೆಯಿರಿ.

ಇಂದೇ ಮಾಡಬಹುದಾದ ಒಂದು ಕೆಲಸ

ನಿಮ್ಮ ಪಂಪ್ ಪ್ಯಾನೆಲ್‌ನ ಎರಡೂ ಕಂಡೆನ್ಸರ್‌ಗಳ ಬರಹ, ಮೋಟಾರ್ ಪ್ಲೇಟ್‌ನ ಬರಹ, ಎರಡನ್ನೂ ಚೆನ್ನಾಗಿ ಕಾಣುವಂತೆ ಫೋಟೊ ತೆಗೆದು ಮೊಬೈಲ್‌ನಲ್ಲಿಡಿ. ಮೋಟಾರ್ ಬೋರ್‌ನ ಒಳಗಿದ್ದರೆ ಕೊಳ್ಳುವಾಗ ಕೊಟ್ಟ ಕಾರ್ಡ್ ಅಥವಾ ಪ್ಯಾನೆಲ್ ಬಾಗಿಲಿನ ಚೀಟಿಯ ಫೋಟೊ ಸಾಕು. ಡಬ್ಬಿ ಸುಟ್ಟ ಮೇಲೆ ಅಕ್ಷರ ಅಳಿಸಿಹೋಗಿರುತ್ತದೆ, ಆಗ ಓದಲು ಏನೂ ಉಳಿದಿರುವುದಿಲ್ಲ. ಈ ಹಿಂದೆ ಯಾರೋ ತಪ್ಪು ಅಂಕಿಯದ್ದು ಹಾಕಿಟ್ಟಿದ್ದರೂ ಪ್ಲೇಟ್ ಜೊತೆ ಹೋಲಿಸಿದಾಗ ಗೊತ್ತಾಗುತ್ತದೆ.

ಮುಂದಿನ ಸಲ ಅಂಗಡಿಯವರು ‘ಎಷ್ಟರದ್ರಿ?’ ಅಂದಾಗ ಆ ಫೋಟೊ ತೋರಿಸಿ. ಮನೆಯ ಗ್ರೂಪಿನಲ್ಲೂ ಅದನ್ನೇ ಹಾಕಿಡಿ. ನೀವು ಊರಲ್ಲಿಲ್ಲದಾಗ ನೀರು ನಿಂತರೆ ಮನೆಯವರಿಗೆ ಉಪಯೋಗಕ್ಕೆ ಬರುತ್ತದೆ.